ಊರಿಗಾಂ ಪ್ಲಾಟ್‌ಫಾರಂನ ಲೈಬ್ರರಿ ಹುಡುಗರು

ಇವತ್ತು ರಾಜಕೀಯಕ್ಕೆ ರಜೆ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ಯಾವ ವಿಮಾನ ಹತ್ತಿ ದೆಹಲಿಗೆ ಹಾರಿದರು ಅನ್ನೋದನ್ನ ಬೆಳಗ್ಗೆಯಿಂದ ನಾವೇ ಹದಿನೆಂಟು ಸಲ ತೋರಿಸಿದ್ದೀವಿ. ಸಾಕು. ಇವತ್ತು ನಿಮ್ಮನ್ನ ಒಂದು ರೈಲು ಹತ್ತಿಸ್ತೀನಿ, ಬನ್ನಿ.

ಕೋಲಾರ ಜಿಲ್ಲೆಯವರಿಗೆ ಈ ರೈಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಕು ಹರಿಯೋ ಮೊದಲೇ ಮಾರಿಕುಪ್ಪಂನಲ್ಲಿ ಜನ ಸೀಟು ಹಿಡಿದಿರ್ತಾರೆ. ಚಾಂಪಿಯನ್, ಊರಿಗಾಂ, ಆಮೇಲೆ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. 1894ರಲ್ಲಿ ಚಿನ್ನದ ಗಣಿಗೋಸ್ಕರ ಹಾಕಿದ ಹಳಿ ಇದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಹಳಿ ಉಳಿಯಿತು. ಈಗ ಆ ಹಳಿ ಮೇಲೆ ದಿನಾ ಬೆಳಗ್ಗೆ ಹೊರಹೋಗೋದು ಆ ಊರಿನ ಮನುಷ್ಯರು. ಸೆಕ್ಯೂರಿಟಿ ಗಾರ್ಡುಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಸ್ಪತ್ರೆಯ ಆಯಾಗಳು, ಕಾಲ್‌ಸೆಂಟರ್ ಹುಡುಗರು. ರಾತ್ರಿ ಅದೇ ರೈಲಿಗೆ ವಾಪಸ್. ಮಕ್ಕಳು ಏಳೋ ಮೊದಲು ಹೋಗಿ, ಮಲಗಿದ ಮೇಲೆ ಬರೋ ಅಪ್ಪ ಅಮ್ಮಂದಿರು.

ಈ ನಿತ್ಯ ಪ್ರಯಾಣಿಕರ ಮೇಲೆ ಒಂದು ವರದಿ ಮಾಡೋಣ ಅಂತ ಕ್ಯಾಮೆರಾ ಹುಡುಗನ ಜೊತೆ ಊರಿಗಾಂ ಸ್ಟೇಷನ್ನಿಗೆ ಹೋಗಿದ್ದೆ. ಚಳಿ. ಪ್ಲಾಟ್‌ಫಾರಂನ ಲೈಟ್ ಕೆಳಗೆ ನಾಲ್ಕು ಜನ ನಿಂತಿದ್ದರು. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಕೈಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ದಪ್ಪ ಜೆರಾಕ್ಸ್ ನೋಟ್ಸು. ಒಬ್ಬಳು ಪ್ರಶ್ನೆ ಓದ್ತಾಳೆ, ಉಳಿದವರು ಉತ್ತರ ಹೇಳ್ತಾರೆ. ಊರಿಗಾಂನಲ್ಲಿ ಎಂಜಿನಿಯರಿಂಗ್ ಕಾಲೇಜಿದೆಯಲ್ಲ, ಆ ಮಕ್ಕಳಿರಬೇಕು ಅಂದುಕೊಂಡು ಕೇಳಿದೆ. "ಅಲ್ಲ ಸರ್, ಎಂ.ಲಿಬ್" ಅಂದರು. ಅಂದರೆ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ. ಇಬ್ಬರು ಇನ್ನೂ ಓದ್ತಿದ್ದಾರೆ, ಇಬ್ಬರದು ಮುಗಿದಿದೆ, ಕೆಲಸ ಸಿಕ್ಕಿಲ್ಲ.

ನಾನು ಕೇಳಿದ ಮುಂದಿನ ಪ್ರಶ್ನೆಗೆ ಈಗಲೂ ನಾಚಿಕೆಯಾಗುತ್ತೆ. "ಅಲ್ರಪ್ಪಾ, ಪುಸ್ತಕ ಜೋಡಿಸಿ ಇಡೋದಕ್ಕೂ ಒಂದು ಡಿಗ್ರಿ ಬೇಕಾ?"

ಹುಡುಗರು ನಕ್ಕರು. ಈ ಪ್ರಶ್ನೆ ಅವರಿಗೆ ಹೊಸದಲ್ಲ. ಮದುವೆ ಮನೇಲಿ ಕೇಳ್ತಾರೆ, ಬ್ಯಾಂಕಿನಲ್ಲಿ ಕೇಳ್ತಾರೆ, ಹೆಣ್ಣು ನೋಡೋಕೆ ಬಂದವರೂ ಕೇಳ್ತಾರೆ. ಆದರೆ ಪ್ರಶ್ನೆ ಓದ್ತಿದ್ದ ಹುಡುಗಿ ಮಾತ್ರ ನಗಲಿಲ್ಲ. ತಿರುಗಿಸಿ ನನಗೇ ಒಂದು ಪ್ರಶ್ನೆ ಹಾಕಿದಳು. "ಸರ್, ನೀವು ಮೊದಲಿಂದಲೂ ಟೀವಿಯಲ್ಲಿ ಇರೋರು. ನಮ್ಮ ಗಣಿ ಮುಚ್ಚಿದಾಗಿನ ವಿಡಿಯೊ ನಿಮ್ಮ ಹತ್ತಿರ ಇದೆಯಾ?"

ನಾನು ಬಾಯಿ ಮುಚ್ಚಿಕೊಂಡೆ. ಯಾಕೆ ಅಂತ ಹೇಳ್ತೀನಿ.

2018ರ ಡಿಸೆಂಬರಿನಲ್ಲಿ ಯಶ್ ಅವರ 'ಕೆಜಿಎಫ್' ಸಿನಿಮಾ ಬಂತು. ದೇಶವೇ ಆ ಮೂರಕ್ಷರ ಉಚ್ಚರಿಸೋಕೆ ಶುರು ಮಾಡ್ತು. ನಾವು ಬಿಡ್ತೀವಾ? ಅಸಲಿ ಕೆಜಿಎಫ್ ಕಥೆ ಅಂತ ಒಂದು ಕಾರ್ಯಕ್ರಮ ಮಾಡೋಣ ಅಂದುಕೊಂಡೆವು. ಮುಚ್ಚುವ ಕಾಲದಲ್ಲಿ ನಡೆದ ಧರಣಿ, ಗೇಟಿನ ಮುಂದೆ ಅಳ್ತಿದ್ದ ಹೆಂಗಸರು, ಇದನ್ನೆಲ್ಲ ನಾನು ಆಗ ಕೆಲಸ ಮಾಡ್ತಿದ್ದ ಸಂಸ್ಥೆಗೆ ಚಿತ್ರೀಕರಿಸಿದ್ದು ನನಗೆ ನೆನಪಿದೆ. ಅಲ್ಲಿ ಟೇಪ್ ಲೈಬ್ರರಿ ಅಂತ ಒಂದು ಕೋಣೆ ಇತ್ತು. ಅದನ್ನ ನೋಡಿಕೊಳ್ಳೋಕೆ ಒಬ್ಬರಿದ್ದರು. ಒಂದು ಉದ್ದನೆ ಲೆಡ್ಜರ್, ಒಂದು ಕೆಂಪು ಪೆನ್ನು. ದೇವೇಗೌಡರು ಎತ್ತಿನಗಾಡಿ ಮೇಲೆ ಕೂತಿರೋ ಶಾಟ್ ಬೇಕು ಅಂದರೆ ಎರಡು ನಿಮಿಷ, ಟೇಪು ನಮ್ಮ ಕೈಯಲ್ಲಿ. ನಾವು ಅವರನ್ನ ಗುಮಾಸ್ತ ಅಂದುಕೊಂಡಿದ್ದೆವು. ಅವರು ನಿವೃತ್ತರಾದರು. ಜಾಗಕ್ಕೆ ಬೇರೆಯವರನ್ನ ತಗೊಳ್ಳಲಿಲ್ಲ. ಟೇಪುಗಳು ಬೇಸ್‌ಮೆಂಟಿಗೆ ಹೋದವು, ಲೆಡ್ಜರ್ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು. ನಾನು ಕೇಳಿದಾಗ ಸಿಕ್ಕ ಉತ್ತರ: "ಇರಬಹುದು ಸಾರ್, ಆದರೆ ಹುಡುಕೋದು ಹೆಂಗೆ?" ಕೊನೆಗೆ ಇಂಟರ್ನೆಟ್ಟಿನಿಂದ ಯಾರೋ ತೆಗೆದ ಚಿತ್ರ ಹಾಕಿ ಕಾರ್ಯಕ್ರಮ ಮುಗಿಸಿದೆವು.

ಇದನ್ನ ಆ ಹುಡುಗಿಗೆ ಹೇಳಿದೆ. "ಅದೇ ಸರ್ ನಮ್ಮ ಸಬ್ಜೆಕ್ಟು" ಅಂದಳು. ಅಷ್ಟೇ. ಅಷ್ಟೊತ್ತಿಗೆ ರೈಲು ಬಂತು.

ನಾನೂ ಹತ್ತಿದೆ. ಬೆಂಗಳೂರಿನವರೆಗೆ ಅವರ ಜೊತೆಗೇ ನಿಂತುಕೊಂಡು ಬಂದೆ. ಆ ಎರಡು ಗಂಟೆಗೂ ಹೆಚ್ಚು ಹೊತ್ತು ನಾನು ನೋಡಿದ್ದು ಒಂದು ಓಡೋ ತರಗತಿ. ಈ ನಾಲ್ವರು ಅಂತಲ್ಲ, ಬಂಗಾರಪೇಟೆಯಲ್ಲಿ ಇನ್ನಿಬ್ಬರು ಸೇರಿಕೊಂಡರು, ಮಾಲೂರಿನಲ್ಲಿ ಮತ್ತೊಬ್ಬ. ಎಲ್ಲರ ಗುರಿ ಒಂದೇ, ಯುಜಿಸಿ ನೆಟ್ ಪರೀಕ್ಷೆ, ವಿಷಯ ಸಂಕೇತ 59. ಇಲ್ಲದಿದ್ದರೆ ನಮ್ಮ ರಾಜ್ಯದ ಕೆ-ಸೆಟ್. ಒಂದನೇ ಪತ್ರಿಕೆ 50 ಪ್ರಶ್ನೆ, ಎರಡನೆಯದು 100. ಬಂಗಾರಪೇಟೆವರೆಗೆ ಒಂದನೇ ಪತ್ರಿಕೆ, ಅಲ್ಲಿಂದ ವೈಟ್‌ಫೀಲ್ಡ್‌ವರೆಗೆ ಎರಡನೆಯದು. ವೈಟ್‌ಫೀಲ್ಡ್ ಆದಮೇಲೆ ಕೈ ಎತ್ತೋಕೂ ಜಾಗ ಇರಲ್ಲ, ಪುಸ್ತಕ ಬ್ಯಾಗಿಗೆ. ಕೊನೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊ ಹತ್ತಿ ಜ್ಞಾನಭಾರತಿಗೆ ಓಟ.

ಇವರಿಗೊಂದು ವಾಟ್ಸ್ಆ್ಯಪ್ ಗುಂಪಿದೆ. ಹಳೇ ವಿದ್ಯಾರ್ಥಿಗಳು, ಹೊಸಬರು ಎಲ್ಲ ಸೇರಿ ನೂರಾರು ಜನ. ನಮ್ಮ ನ್ಯೂಸ್ ರೂಮಿಗಿಂತ ವೇಗವಾಗಿ ಸುದ್ದಿ ಬರುತ್ತೆ ಅಲ್ಲಿ, ಸುಳ್ಳು ಸುದ್ದಿ ಕಡಿಮೆ. ಕೇಂದ್ರೀಯ ವಿದ್ಯಾಲಯದವರು ಗ್ರಂಥಪಾಲಕರನ್ನ ಕರೀತಾರಂತೆ, ನವೋದಯದ್ದು ಯಾವಾಗಂತೆ, ಯಾವುದೋ ಖಾಸಗಿ ಕಾಲೇಜಿನಲ್ಲಿ ನ್ಯಾಕ್ ತಂಡ ಬರ್ತಿದೆ ಅಂತ ಎರಡು ತಿಂಗಳಿಗೆ ಮಾತ್ರ ಲೈಬ್ರರಿಯನ್ ಬೇಕಂತೆ. ಕೊನೆಯದಕ್ಕೆ ಎಲ್ಲರೂ ನಗ್ತಾರೆ, ಆದರೂ ಯಾರಾದರೊಬ್ಬರು ಹೋಗ್ತಾರೆ. ಒಬ್ಬರಿಗೆ ಅರ್ಜಿ ಶುಲ್ಕಕ್ಕೆ ದುಡ್ಡಿಲ್ಲ ಅಂದರೆ ಇನ್ನೊಬ್ಬರು ಕಟ್ತಾರೆ. ಪರೀಕ್ಷಾ ಕೇಂದ್ರ ಕಲಬುರಗಿಗೆ ಬಿತ್ತು ಅಂದರೆ ಅಲ್ಲೊಬ್ಬ ಸೀನಿಯರ್ ಅಣ್ಣನ ಮನೇಲಿ ರಾತ್ರಿ ಮಲಗೋಕೆ ಜಾಗ. ಆ ಅಣ್ಣನನ್ನ ಇವರ್ಯಾರೂ ನೋಡಿಲ್ಲ. ಆಗಸ್ಟ್ 12ಕ್ಕೆ ಬೋಗಿಯಲ್ಲಿ ಮೈಸೂರ್‌ಪಾಕ್ ಹಂಚ್ತಾರಂತೆ. ಯಾರ ಹುಟ್ಟುಹಬ್ಬ ಅಂತ ಪಕ್ಕದ ಸೀಟಿನವರು ಕೇಳಿದರೆ, "ರಂಗನಾಥನ್ ಅವರದು" ಅಂತಾರಂತೆ. ಕೇಳಿದವರು ಯಾರೋ ಹುಡುಗ ಇರಬೇಕು ಅಂದುಕೊಂಡು, "ದೇವರು ಚೆನ್ನಾಗಿಟ್ಟಿರಲಿ" ಅಂತ ಹರಸಿ ತಿಂತಾರೆ.

ಈ ರಂಗನಾಥನ್ ಯಾರು? ಎಸ್.ಆರ್. ರಂಗನಾಥನ್. 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೇಜಾರು ಬಂದು, ನನ್ನ ಗಣಿತ ಪಾಠವೇ ವಾಪಸ್ ಕೊಡಿ ಅಂತ ಪ್ರಿನ್ಸಿಪಾಲರ ಹತ್ತಿರ ಹೋದರು. ಅವರು, ಒಂದು ಸಲ ಇಂಗ್ಲೆಂಡಿಗೆ ಹೋಗಿ ಬನ್ನಿ, ಆಗಲೂ ಬೇಡ ಅನ್ನಿಸಿದರೆ ನೋಡೋಣ ಅಂದರಂತೆ. ಹೋದರು. ಅಲ್ಲಿ ಲೈಬ್ರರಿಗಳು ಊರಿನ ಬಡವರಿಗೂ, ಮಕ್ಕಳಿಗೂ ಹೇಗೆ ದುಡಿಯುತ್ತವೆ ಅನ್ನೋದನ್ನ ಕಣ್ಣಾರೆ ನೋಡಿದರು. ಲಂಡನ್ನಿನ ಒಂದು ಅಂಗಡಿಯಲ್ಲಿ ಮೆಕ್ಯಾನೊ ಅನ್ನೋ ಮಕ್ಕಳ ಆಟದ ಸಾಮಾನು ಕಂಡಿತು. ಅವೇ ಪಟ್ಟಿ, ಅವೇ ಬೋಲ್ಟು, ಜೋಡಿಸಿದರೆ ಒಂದು ಸಲ ಕ್ರೇನು, ಇನ್ನೊಂದು ಸಲ ಸೇತುವೆ. ಜ್ಞಾನವನ್ನೂ ಹೀಗೇ ಬಿಡಿ ಭಾಗಗಳಿಂದ ಜೋಡಿಸಬಹುದಲ್ಲ ಅನ್ನಿಸಿತು. 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟವಾಯಿತು. ಪ್ರಪಂಚದ ಯಾವ ಮೂಲೆಯಲ್ಲಿ ಲೈಬ್ರರಿ ಪಾಠ ಹೇಳಿದರೂ ಈ ಹೆಸರು ಬಂದೇ ಬರುತ್ತೆ.

ಅವರು ಕೊನೆಗಾಲಕ್ಕೆ ಬಂದು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಶುರು ಮಾಡಿದರು. ಅದು ಈಗಲೂ ಮೈಸೂರು ರಸ್ತೆಯಲ್ಲಿದೆ, ಈ ಹುಡುಗರು ದಿನಾ ಇಳಿಯೋ ಜ್ಞಾನಭಾರತಿಯಿಂದ ದೂರವೇನಲ್ಲ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಮದ್ರಾಸಿನಿಂದ ಬೆಂಗಳೂರಿಗೆ ರೈಲಿನಲ್ಲಿ ಬರೋರು ಬಂಗಾರಪೇಟೆ ದಾಟಲೇಬೇಕು. ಈ ಪ್ಲಾಟ್‌ಫಾರಂನಲ್ಲಿ ಆ ಮನುಷ್ಯ ಒಂದು ಲೋಟ ಕಾಫಿಯಾದರೂ ಕುಡಿದಿರಬೇಕು ಸರ್ ಅಂದ ಒಬ್ಬ ಹುಡುಗ. ಕುಡಿದಿರಬಹುದಪ್ಪಾ ಅಂದೆ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಆಳುವವರೇ, ನಿಮಗೆ ಕೇಳ್ತಿರೋದು.

1965ರಲ್ಲೇ ಈ ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ದೇಶದ ಎಷ್ಟೋ ರಾಜ್ಯಗಳು ಇನ್ನೂ ಕಣ್ಣು ಬಿಡದಿದ್ದ ಕಾಲ ಅದು. ವೀಕ್ಷಕರೇ, ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತೆ. ತೆರಿಗೆಯ ಮೇಲೆ ನೂರಕ್ಕೆ ಆರು. ನೀವು ಲೈಬ್ರರಿ ಮೆಟ್ಟಿಲು ಹತ್ತಿರಲಿ, ಬಿಟ್ಟಿರಲಿ, ಅದನ್ನ ಕಟ್ಟಿದ್ದೀರಿ. ಆ ದುಡ್ಡು ಸ್ಥಳೀಯ ಸಂಸ್ಥೆಗೆ ಹೋಗುತ್ತೆ, ಅಲ್ಲಿಂದ ಗ್ರಂಥಾಲಯಕ್ಕೆ ಹೋಗಬೇಕು. ಹೋಗಬೇಕು ಅಂದೆ. ಕರ ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿಯನ್ನ ಎಷ್ಟು ವರ್ಷದಿಂದ ಓದ್ತಿದ್ದೀವಿ ನಾವು? ಮನೆ ಬಾಡಿಗೆದಾರ ಮೂರು ತಿಂಗಳು ಬಾಕಿ ಇಟ್ಟರೆ ಸಾಮಾನು ಬೀದಿಗೆ. ಇಲ್ಲಿ ಯಾರ ಸಾಮಾನು ಬೀದಿಗೆ ಬಂದಿದೆ ಹೇಳಿ?

ಒಳ್ಳೇದಾಗಿಲ್ಲ ಅಂತ ಹೇಳಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದ ಮೇಲೆ ಎಷ್ಟೋ ಕಡೆ ಗೋಡೆಗೆ ಬಣ್ಣ ಬಂತು, ಮಕ್ಕಳು ಬಂದರು. ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಕಾರ್ಯಕ್ರಮ ಹಳ್ಳಿ ಮಕ್ಕಳ ಕೈಗೆ ಪುಸ್ತಕ ಕೊಟ್ಟಿತು. ನಾನೇ ಈ ಪರದೆಯಲ್ಲಿ ಹೊಗಳಿದ್ದೀನಿ. ಅಲ್ಲಿ ದುಡಿಯೋ ಮೇಲ್ವಿಚಾರಕರ ಕಥೆ ಇನ್ನೊಂದು ದಿನ ಹೇಳ್ತೀನಿ. ಆದರೆ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿ, ವರ್ಗೀಕರಣ, ಸೂಚೀಕರಣ, ಡಿಜಿಟಲ್ ಸಂಗ್ರಹ ಎಲ್ಲ ಕಲಿತು ಬಂದವರಿಗೆ ನಾವು ಏನು ಇಟ್ಟಿದ್ದೀವಿ? ಮೈಸೂರು, ಧಾರವಾಡ, ಬೆಂಗಳೂರು, ತುಮಕೂರು, ಹೀಗೆ ಒಂದೊಂದು ವಿಶ್ವವಿದ್ಯಾಲಯವೂ ವರ್ಷ ವರ್ಷ ಇವರನ್ನ ತಯಾರು ಮಾಡಿ ಕಳಿಸುತ್ತೆ. ಇತ್ತ ಕಾಲೇಜುಗಳಲ್ಲಿ ಗ್ರಂಥಪಾಲಕರು ನಿವೃತ್ತರಾಗ್ತಾರೆ, ಬೀಗದ ಕೈ ಅಟೆಂಡರ್ ಕೈಗೆ ಬರುತ್ತೆ. ಅಟೆಂಡರ್ ರಜೆ ಹಾಕಿದ ದಿನ ಲೈಬ್ರರಿಗೂ ರಜೆ. ಸರ್ಕಾರಿ ಹೈಸ್ಕೂಲುಗಳಲ್ಲಿ ಪುಸ್ತಕ ಇರೋದು ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿ. ಮಕ್ಕಳು ಮುಟ್ಟಿದರೆ ಹರಿದುಹೋಗುತ್ತೆ, ಆಡಿಟ್‌ನಲ್ಲಿ ತೊಂದರೆ ಅಂತ ಹೆದರಿಕೆ.

ಇವರು ಕಲಿಯೋದನ್ನ ನೋಡಿದರೆ ನಿಮಗೆ ಆಶ್ಚರ್ಯ ಆಗುತ್ತೆ. ಕೋಹಾ ಅಂತ ಒಂದು ತಂತ್ರಾಂಶ ಇದೆ. ನ್ಯೂಜಿಲೆಂಡಿನ ಒಂದು ಚಿಕ್ಕ ಊರಿನ ಲೈಬ್ರರಿಗೆ ಹೊಸ ತಂತ್ರಾಂಶ ಬೇಕಾಗಿತ್ತು. ತಮಗೋಸ್ಕರ ಬರೆಸಿಕೊಂಡರು, 2000ನೇ ಇಸವಿಯಿಂದ ಪ್ರಪಂಚಕ್ಕೇ ಪುಕ್ಕಟೆ ಬಿಟ್ಟರು. ಅಲ್ಲಿನ ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಅದನ್ನ ಈ ಕೋಲಾರದ ಹುಡುಗರು ತಮ್ಮ ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕನ್ನಡ, ತಮಿಳು, ತೆಲುಗು, ಉರ್ದು ಪುಸ್ತಕಗಳನ್ನ ಒಂದೇ ಪಟ್ಟಿಗೆ ಸೇರಿಸೋದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದಾರೆ. ಕೆಜಿಎಫ್‌ನ ಒಂದೇ ಬೀದಿಯಲ್ಲಿ ಇಷ್ಟೂ ಭಾಷೆ ಓದೋರಿದ್ದಾರಲ್ಲ.

ಆದರೆ ಇವತ್ತು ನಾನು ಇಲ್ಲಿ ಕೂತು ಮಾತಾಡ್ತಿರೋದು ಬರೀ ಕೆಲಸದ ವಿಷಯಕ್ಕಲ್ಲ. ಪ್ರಶ್ನೆ ಓದ್ತಿದ್ದ ಆ ಹುಡುಗಿಯ ಪ್ರಬಂಧದ ವಿಷಯಕ್ಕೆ.

ಅವಳ ತಾತ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿದ್ದ ಗಣಿ ಅದು. ತಾತ ಈಗಿಲ್ಲ. ಮನೆ ಅಂದರೆ ಲೈನ್ ಮನೆ, ಕಂಪನಿ ಕಾಲದ್ದು. ಅದಕ್ಕೆ ಸಂಬಂಧಪಟ್ಟ ಯಾವುದೋ ಅರ್ಜಿಗೆ ಅಜ್ಜಿಯನ್ನ ಕೇಳಿದರಂತೆ, ನಿಮ್ಮ ಯಜಮಾನರು ಕೆಲಸ ಮಾಡಿದ್ದಕ್ಕೆ ದಾಖಲೆ ಏನಿದೆ? ಅಜ್ಜಿ ತಗಡಿನ ಪೆಟ್ಟಿಗೆ ತೆಗೆದರು. ಸಂಬಳದ ಚೀಟಿ, ಆಸ್ಪತ್ರೆ ಚೀಟಿ, ಒಂದು ಗುರುತಿನ ಕಾಗದ. ಮಳೆ ನೀರು ಇಳಿದು, ಬಿಡಿಸಿದರೆ ಪುಡಿ ಪುಡಿ. ಹೆಸರಿನ ಅರ್ಧ ಹೋಗಿದೆ. ಸಂಖ್ಯೆಯಲ್ಲಿ ಒಂದು ಅಂಕಿ ಹೋಗಿದೆ. ಅರ್ಜಿ ಅಲ್ಲಿಗೇ ನಿಂತಿತು.

ಆ ಹುಡುಗಿ ಏನು ಮಾಡಿದಳು ಗೊತ್ತಾ? ತನ್ನ ಲೈನಿನಲ್ಲಿ ಮನೆ ಮನೆಗೆ ಹೋದಳು. ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ತೋರಿಸಿ ಅಂದಳು. ಮೊದಲು ಯಾರೂ ತೋರಿಸಲಿಲ್ಲ, ಸಾಲದ ಕಂಪನಿಯವಳು ಅಂದುಕೊಂಡರು. ಆಮೇಲೆ ಇಂಥವರ ಮೊಮ್ಮಗಳು ಅಂತ ಗೊತ್ತಾಗಿ ಕೂರಿಸಿ ಟೀ ಕೊಟ್ಟರು. ಒಂದೊಂದು ಕಾಗದಕ್ಕೂ ಒಂದು ಸಂಖ್ಯೆ, ಯಾರದ್ದು, ಯಾವ ಕಾಲದ್ದು, ಯಾವ ಭಾಷೆ, ಯಾವ ಸ್ಥಿತಿಯಲ್ಲಿದೆ, ಯಾರ ಹತ್ತಿರ ಇದೆ. ಮೊಬೈಲಿನಲ್ಲಿ ಫೋಟೊ. ಕಾಗದ ಮಾತ್ರ ಅವರ ಮನೆಯಲ್ಲೇ. "ನಾನು ತಗೊಂಡು ಹೋಗಲ್ಲ ಸರ್. ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು" ಅಂದಳು. ನಮ್ಮ ಟೇಪ್ ಲೈಬ್ರರಿಯ ಕೆಂಪು ಪೆನ್ನಿನ ಮನುಷ್ಯ ನೆನಪಾದರು.

ಇಲ್ಲೊಂದು ಇತಿಹಾಸದ ವಿಚಿತ್ರ ಇದೆ. 1930ರಲ್ಲಿ ಇದೇ ಕೆಜಿಎಫ್‌ನ ಕಾರ್ಮಿಕರು ಮೂರು ವಾರ ಮುಷ್ಕರ ಹೂಡಿದರು. ಬೆರಳಚ್ಚು ತೆಗೆದುಕೊಂಡು ಎಲ್ಲರನ್ನೂ ನೋಂದಣಿ ಮಾಡೋ ಹೊಸ ಪದ್ಧತಿಯ ವಿರುದ್ಧ. ನಾವೇನು ಕಳ್ಳರಾ ಅನ್ನೋ ಸಿಟ್ಟು. ಆ ಕಾಲಕ್ಕೆ ರಿಜಿಸ್ಟರ್ ಅಂದರೆ ಕೂಲಿಯವನನ್ನ ಕಟ್ಟಿಹಾಕೋ ಹಗ್ಗ. ಇವತ್ತು ಅವರ ಮೊಮ್ಮಕ್ಕಳು ಅದೇ ರಿಜಿಸ್ಟರಿನಲ್ಲಿ ತಾತನ ಹೆಸರು ಸಿಗುತ್ತಾ ಅಂತ ಹುಡುಕಬೇಕಾಗಿದೆ.

120 ವರ್ಷ ನಡೆದ ಗಣಿ. 800 ಟನ್ನಿನಷ್ಟು ಚಿನ್ನ ಹೊರಗೆ ಬಂತು ಅಂತಾರೆ. ಆ ಚಿನ್ನಕ್ಕೆ ಗ್ರಾಮಿನ ಲೆಕ್ಕ ಇತ್ತು. ತೆಗೆದವನ ಕಾಗದ ಮಾತ್ರ ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿ. ಅದನ್ನ ಕಾಪಾಡೋಕೆ ಕಲಿತ ಮೊಮ್ಮಗಳು ಮನೆಯಲ್ಲೇ ಇದ್ದಾಳೆ, ಆದರೆ ಆ ಕೆಲಸ ಮಾಡು ಅಂತ ಹೇಳಿ ಸಂಬಳ ಕೊಡೋರಿಲ್ಲ. ಊರಿಗಾಂನಲ್ಲೋ, ರಾಬರ್ಟ್‌ಸನ್‌ಪೇಟೆಯಲ್ಲೋ ಒಂದು ಕೋಣೆ, ಒಂದು ಸ್ಕ್ಯಾನರ್, ಈ ಹುಡುಗರಲ್ಲಿ ಮೂರು ಜನಕ್ಕೆ ಸರಿಯಾದ ಸಂಬಳ. ಖರ್ಚೆಷ್ಟು? ಒಂದು ಉದ್ಘಾಟನೆ ಸಮಾರಂಭದ ಪೆಂಡಾಲ್, ಹೂವು, ಫ್ಲೆಕ್ಸಿನ ದುಡ್ಡಿನಲ್ಲಿ ಶುರು ಮಾಡಬಹುದು. ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ಆ ನೂರಕ್ಕೆ ಆರರ ಲೆಕ್ಕ ಮೊದಲು ಕೊಡಿ, ಆಮೇಲೆ ಮಾತಾಡೋಣ.

ಹಿಂದೆ ಈ ರಾಜ್ಯಕ್ಕೆ ಕೆಜಿಎಫ್ ಬೇಕಾಗಿದ್ದಾಗ ಏನೆಲ್ಲ ಮಾಡಿತ್ತು ನೋಡಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ. ಆ ದಿವಾನರ ನೆನಪಿಗೆ ಕಟ್ಟಿದ ಕೆಂಪು ಕಟ್ಟಡ ಕಬ್ಬನ್ ಪಾರ್ಕಿನಲ್ಲಿದೆ. ಇವತ್ತು ಅದೇ ನಮ್ಮ ರಾಜ್ಯ ಕೇಂದ್ರ ಗ್ರಂಥಾಲಯ. ಮುಂದಿನ ಸಲ ಆ ಕಡೆ ಹೋದರೆ ಒಳಗೆ ಹೋಗಿ. ಅಲ್ಲಿ ನೆಟ್ ಪರೀಕ್ಷೆಗೆ ಓದ್ತಾ ಕೂತಿರೋರಲ್ಲಿ ಕೆಜಿಎಫ್ ಮಕ್ಕಳೂ ಇರಬಹುದು.

ಮೆಜೆಸ್ಟಿಕ್‌ನಲ್ಲಿ ಇಳಿಯೋವಾಗ ಆ ಹುಡುಗಿಗೆ ಕೇಳಿದೆ, ಟೀವಿಯಲ್ಲಿ ನಿನ್ನ ಹೆಸರು ಹೇಳಲಾ ಅಂತ. ಬೇಡ ಸರ್ ಅಂದಳು. ಬೇರೆ ಏನು ಹೇಳಲಿ ಅಂದೆ. ನೋಟ್ಸಿನ ಕೊನೆ ಹಾಳೆ ಹರಿದು ಬರೆದುಕೊಟ್ಟಳು. ಕನ್ನಡದಲ್ಲಿ ಬರೆದು, ಸಾಧ್ಯವಾದರೆ ತಮಿಳಿನಲ್ಲೂ ಓದಿ ಸರ್ ಅಂದಳು. ನನ್ನ ತಮಿಳು ಕೇಳಿದರೆ ನೀವು ಚಾನೆಲ್ ಬದಲಾಯಿಸ್ತೀರಿ, ಕನ್ನಡದ್ದನ್ನ ಮಾತ್ರ ಓದ್ತೀನಿ.

ಕೆಜಿಎಫ್‌ನಲ್ಲಿ, ಬಂಗಾರಪೇಟೆಯಲ್ಲಿ, ಅಲ್ಲಿಂದ ಬೇರೆ ಊರಿಗೆ ಹೋದವರ ಮನೆಯಲ್ಲಿ ಗಣಿ ಕಾಲದ ಯಾವ ಕಾಗದ ಇದ್ದರೂ, ಮನೆ ಬದಲಾಯಿಸೋವಾಗ ಗುಜರಿಗೆ ಹಾಕಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಅದನ್ನ ಬಿಡಿಸೋಕಾಗಲ್ಲ. ಹರಿದಿದ್ದರೆ ಸೆಲ್ಲೊ ಟೇಪ್ ಅಂಟಿಸಬೇಡಿ. ತುಕ್ಕು ಹಿಡಿದ ಗುಂಡುಸೂಜಿ ಇದ್ದರೆ ನಿಧಾನವಾಗಿ ತೆಗೆಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಬೇಡಿ, ಒಳಗೇ ಬೆವರುತ್ತೆ. ಬಿಳಿ ಹಾಳೆಗಳ ಮಧ್ಯೆ ಚಪ್ಪಟೆಯಾಗಿಡಿ, ನೆಲದ ಮೇಲೆ ಬೇಡ. ಫೋಟೊಗಳ ಹಿಂದೆ ಯಾರು ಯಾರು ಅಂತ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ, ಪೆನ್ನು ಬೇಡ. ಹೆಸರು ಗೊತ್ತಿರೋ ಅಜ್ಜಿ ಇನ್ನೂ ಇದ್ದರೆ ಇವತ್ತೇ ಕೇಳಿ ಬರೆಯಿರಿ.

ಇಷ್ಟೇ ಬರೆದುಕೊಟ್ಟಿರೋದು. ಓದಿದ್ದೀನಿ.